ಹಳೆಯ ಮುಂಗೋಡೆಯ ಹಿಂದಿನ ಹೊಸ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿ: ಸಂರಕ್ಷಣಾ ವಾಸ್ತುಶಿಲ್ಪಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ಸುಮಾರು ನೂರು ವರ್ಷ ಹಳೆಯದಾದ ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡವೊಂದರ ಮುಂಗೋಡೆಯನ್ನಷ್ಟೇ ಉಳಿಸಿಕೊಂಡು, ಅದರ ಹಿಂದೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಅಲ್ಲಿ ಎರಡನೆಯ ಅಂತಸ್ತಿನ ಮನೆಯೊಂದನ್ನು ನಾವು ಕಾಯ್ದಿರಿಸಿದ್ದೇವೆ. ಮೇಲಿನ ಮನೆಗಳಿಗೆಲ್ಲ ಬಾಲ್ಕನಿ ಇದೆ, ಹಳೆಯ ಗೋಡೆಯ ಹಿಂದಿರುವ ನಮ್ಮಂಥವರಿಗೆ ಇಲ್ಲ. ಕಿಟಕಿಯ ಕೆಳಗೆ ಒಂದು ಮೀಟರ್ ಅಗಲದ ಬಾಲ್ಕನಿ ಕೂರಿಸಲು ನಿಜವಾದ ಅಡ್ಡಿ ಯಾವುದು, ನಿಯಮವೋ ತಂತ್ರಜ್ಞಾನವೋ?

ಉತ್ತರ: ಎರಡೂ ಹೌದು, ಆದರೆ ನಿಯಮವೇ ಇಲ್ಲದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಅದನ್ನು ನೇರವಾಗಿ ನಿಲ್ಲಿಸಿದ್ದುದು ಒಳಗಿನ ಅಡ್ಡಗೋಡೆಗಳು ಮತ್ತು ನೆಲದ ತೊಲೆಗಳು. ಅವನ್ನೆಲ್ಲ ಕೆಡವಿದ ಮೇಲೆ ಉಳಿಯುವುದು ತೆಳುವಾದ, ಎತ್ತರವಾದ ಒಂದು ಹಾಳೆ ಮಾತ್ರ. ಮೊದಲು ಅದನ್ನು ತಾತ್ಕಾಲಿಕ ಉಕ್ಕಿನ ಚೌಕಟ್ಟಿನಿಂದ ಹಿಡಿದು ನಿಲ್ಲಿಸಿ, ಹೊಸ ಕಟ್ಟಡ ಮೇಲೇರಿದಂತೆ ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂಧಕಗಳಿಂದ ಜೋಡಿಸುತ್ತಾರೆ. ಹೊಸ ಕಾಂಕ್ರೀಟು ವರ್ಷಗಳವರೆಗೆ ಸ್ವಲ್ಪಸ್ವಲ್ಪವೇ ಕುಗ್ಗುತ್ತದೆ, ಹಳೆಯ ಗೋಡೆ ಅದರ ಜೊತೆ ಕುಗ್ಗುವುದಿಲ್ಲ. ಆದ್ದರಿಂದ ಆ ಬಂಧಕಗಳು ಗಾಳಿಯ ಒತ್ತಡಕ್ಕೆ ಗೋಡೆ ವಾಲದಂತೆ ತಡೆಯಬೇಕು, ಆದರೆ ಮೇಲೆ ಕೆಳಗೆ ಅಲುಗಾಡಲು ಎಡೆ ಕೊಡಬೇಕು.

ಇಂಥ ಗೋಡೆಗೆ ಬಾಲ್ಕನಿ ಚಾಚಿದರೆ ಅದು ಗೋಡೆಯನ್ನು ಹೊರಕ್ಕೆ ಬಾಗಿಸುತ್ತದೆ. ಹಲವು ದೇಶಗಳ ಕಟ್ಟಡ ಸಂಹಿತೆಗಳು ಬಾಲ್ಕನಿಗೆ ಚದರ ಮೀಟರಿಗೆ 250ರಿಂದ 400 ಕಿಲೋ ಭಾರವನ್ನು ಲೆಕ್ಕ ಹಿಡಿಯಲು ಹೇಳುತ್ತವೆ; ಚಾಚು ಎರಡರಷ್ಟಾದರೆ ಬುಡದಲ್ಲಿ ಬಾಗಿಸುವ ಬಲ ನಾಲ್ಕರಷ್ಟಾಗುತ್ತದೆ. ಹಳೆಯ ಕಾಲದ ಕಲ್ಲಿನ ಬಾಲ್ಕನಿಗಳು ನಿಂತಿರುವುದಾದರೂ ಹೇಗೆ ಎಂದು ನೀವು ಕೇಳಬಹುದು. ಕಟ್ಟುವಾಗಲೇ ಚಪ್ಪಡಿಯ ಹಿಂತುದಿಯನ್ನು ಗೋಡೆಯ ಒಳಗೆ ಆಳವಾಗಿ ತೂರಿಸಿ, ಮೇಲಿನ ಗೋಡೆಯ ಭಾರವೇ ಅದನ್ನು ಅದುಮಿ ಹಿಡಿಯುವಂತೆ ಮಾಡುತ್ತಿದ್ದರು. ನಿಂತ ಗೋಡೆಯನ್ನು ಈಗ ಕೊರೆದು ಅದೇ ಹಿಡಿತವನ್ನು ಪಡೆಯಲಾಗದು.

ಪ್ರಶ್ನೆ: ಹಾಗಾದರೆ ಬಾಲ್ಕನಿಯನ್ನು ಹೊಸ ಕಟ್ಟಡದಿಂದಲೇ ಚಾಚಿ, ಹಳೆಯ ಗೋಡೆಯಲ್ಲಿ ದಾರಿಯಷ್ಟೇ ಬಿಡಿಸಬಹುದಲ್ಲವೇ?

ಉತ್ತರ: ಲೆಕ್ಕದಲ್ಲಿ ಸಾಧ್ಯ. ಆದರೆ ಬಾಗಿಲಿಗಾಗಿ ಕಿಟಕಿಯ ಕೆಳಗಿನ ಗೋಡೆಯನ್ನು ಕತ್ತರಿಸಬೇಕು, ಆಗ ಉಳಿಸಲು ಹೊರಟ ಗೋಡೆಯ ಲಯವೇ ಕೆಡುತ್ತದೆ. ಹಳೆಯ ಅಂತಸ್ತು ನಾಲ್ಕು ಮೀಟರ್ ಎತ್ತರವಿದ್ದು ಹೊಸದು ಮೂರೇ ಇದ್ದರೆ ಹೊಸ ಸ್ಲ್ಯಾಬು ಕಿಟಕಿಯ ನಡುವೆಯೇ ಹಾದುಹೋಗುತ್ತದೆ. ನಕ್ಷೆ ನೋಡುವಾಗ ನಾನು ಮೊದಲು ಕೇಳುವುದು ಈ ಮಟ್ಟಗಳನ್ನೇ. ನ್ಯೂಯಾರ್ಕಿನ ಹರ್ಸ್ಟ್ ಟವರ್‌ನಲ್ಲಿ 1928ರ ಆರು ಅಂತಸ್ತಿನ ಹೊರಗೋಡೆಯನ್ನು ಉಳಿಸಿಕೊಂಡು, ಅದರ ಒಳಗೆ ಅಂತಸ್ತುಗಳನ್ನು ತುರುಕದೆ ದೊಡ್ಡ ಹಜಾರವನ್ನೇ ಬಿಟ್ಟರು. ಅದು ಕಚೇರಿ ಕಟ್ಟಡ. ಮನೆ ಮಾರುವವರಿಗೆ ಅಷ್ಟು ಜಾಗ ಬಿಡುವ ಮನಸ್ಸು ಬರುವುದು ಅಪರೂಪ.

ನಿಮ್ಮಂಥ ಮನೆಗಳಿಗೆ ನಾನು ಒಪ್ಪುವ ದಾರಿ ಒಳಬಾಲ್ಕನಿ. ಹಳೆಯ ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ಹೊಸ ಗಾಜಿನ ಗೋಡೆಯನ್ನು ಎಬ್ಬಿಸಿ, ಹಳೆಯ ಕಿಟಕಿಗಳನ್ನು ಗಾಜಿಲ್ಲದ ತೆರಪುಗಳಾಗಿ ಬಿಡುವುದು. ಬೀದಿಯಿಂದ ನೋಡುವವರಿಗೆ ಗೋಡೆ ಬದಲಾಗಿರುವುದಿಲ್ಲ, ನಿಮಗೆ ಕೂರಲು ನೆರಳಿನ ಜಾಗ ಸಿಗುತ್ತದೆ. ಕೋಣೆ ಕಿರಿದಾಗುತ್ತದೆ, ಬೆಳಕೂ ಸ್ವಲ್ಪ ಕುಗ್ಗುತ್ತದೆ. ಹಿಮ ಬೀಳುವ ಊರಾದರೆ ಇನ್ನೊಂದು ಎಚ್ಚರಿಕೆ ಬೇಕು: ಒಳಗಿನ ಬಿಸಿ ಸಿಗದ ಗೋಡೆ ಎರಡೂ ಕಡೆಯಿಂದ ನೆನೆದು ಹೆಪ್ಪುಗಟ್ಟಿದರೆ ಇಟ್ಟಿಗೆಯ ಮೈ ಪದರಪದರವಾಗಿ ಉದುರುತ್ತದೆ.

ಪ್ರಶ್ನೆ (ಇನ್ನೊಬ್ಬರಿಂದ): ಹಳೆಯ ಶೈಲಿಯದೇ ಕಬ್ಬಿಣದ ಬಾಲ್ಕನಿ ಮಾಡಿಸಿದರೆ ಗೋಡೆಗೆ ಹೊಂದುವುದಿಲ್ಲವೇ?

ಉತ್ತರ: ಅಲ್ಲಿ ಹಿಂದೆ ಬಾಲ್ಕನಿ ಇದ್ದುದಕ್ಕೆ ಛಾಯಾಚಿತ್ರದ ಸಾಕ್ಷಿಯಿದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ ಅದು ಇಲ್ಲದ ಇತಿಹಾಸವನ್ನು ಅಂಟಿಸಿದಂತೆ. ಹೊಸದಾಗಿ ಸೇರಿಸಿದ್ದು ಹೊಸದೆಂದು ಕಾಣಬೇಕು, ಆದರೆ ಹಳೆಯದರ ಜೊತೆ ಹೊಂದಿಕೊಳ್ಳಬೇಕು ಎಂಬುದು ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದಿನಿಂದ ಈಚೆಗೆ ಈ ವೃತ್ತಿಯವರು ಒಪ್ಪಿಕೊಂಡು ಬಂದ ನಿಲುವು. ಮುಂಗೋಡೆಯೊಂದನ್ನೇ ಉಳಿಸುವುದೇ ಒಂದು ರಾಜಿ. ಅದರ ಮೇಲೆ ಸುಳ್ಳು ಅಲಂಕಾರವೂ ಬೇಕೇ?

ಪ್ರಶ್ನೆ: ಮೇಲಿನ ಮನೆಗಳ ಬಾಲ್ಕನಿಗಳಿಂದ ಹಳೆಯ ಗೋಡೆಗೆ ತೊಂದರೆ ಇಲ್ಲವೇ?

ಉತ್ತರ: ಇದನ್ನು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಗೋಡೆ ಹಾಳಾಗುವುದು ಹೆಚ್ಚಾಗಿ ನೀರಿನಿಂದ. ಮೇಲಿನ ಅಂತಸ್ತುಗಳು ಹಳೆಯ ಗೋಡೆಯಿಂದ ಕೆಲವು ಮೀಟರ್ ಹಿಂದೆ ಸರಿದಿದ್ದರೆ ಬಾಲ್ಕನಿಗಳು ಗೋಡೆಯ ನೆತ್ತಿಯ ಮೇಲೆ ಬರುವುದಿಲ್ಲ. ಬಾಲ್ಕನಿಯ ನೆಲ ಕೊಳವೆಯ ಕಡೆಗೆ ಇಳಿಜಾರಾಗಿರಬೇಕು, ಸ್ಲ್ಯಾಬಿನ ಅಂಚಿನ ಅಡಿಯಲ್ಲಿ ನೀರು ಅಲ್ಲೇ ತೊಟ್ಟಿಕ್ಕುವಂತೆ ಗೀರು ಕೊರೆದಿರಬೇಕು. ಬೆರಳಿನಷ್ಟು ಅಗಲದ ಆ ಗೀರು ಇಲ್ಲದಿದ್ದರೆ ನೀರು ಸ್ಲ್ಯಾಬಿನ ತಳಕ್ಕೆ ಅಂಟಿಕೊಂಡೇ ಗೋಡೆಯವರೆಗೆ ಬರುತ್ತದೆ. ವಾಟರ್‌ಪ್ರೂಫಿಂಗ್ ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 2015ರ ಜೂನ್‌ನಲ್ಲಿ, ಕಟ್ಟಿ ಹತ್ತು ವರ್ಷವೂ ಆಗಿರದ ಅಪಾರ್ಟ್‌ಮೆಂಟಿನ ಬಾಲ್ಕನಿ ಕುಸಿದು ಆರು ಮಂದಿ ಸತ್ತರು; ಅದರ ಮರದ ತೊಲೆಗಳು ತೇವಕ್ಕೆ ಒಳಗೊಳಗೇ ಕೊಳೆತಿದ್ದವು.

ಹಳೆಯ ಗೋಡೆಯ ಸಂದುಗಳಿಗೆ ಏನು ತುಂಬುತ್ತಾರೆಂದೂ ಬಿಲ್ಡರನ್ನು ಕೇಳಿ. ಸಿಮೆಂಟು ಹಳೆಯ ಇಟ್ಟಿಗೆಗಿಂತ ಗಟ್ಟಿ. ತೇವವನ್ನು ಸಂದಿನಿಂದ ಹೊರಬಿಡದೆ ಇಟ್ಟಿಗೆಯ ಮೂಲಕವೇ ಹೊರಡಿಸುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಗಾರೆಯನ್ನೇ ಬಳಸುವುದಾಗಿ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಮುಂಗೋಡೆಯ ನಿರ್ವಹಣೆ ಎಲ್ಲ ಮನೆಗಳಿಗೂ ಸೇರಿದ ಖರ್ಚೋ, ಅದರ ಹಿಂದಿನ ಮೂರು ಅಂತಸ್ತಿನವರಿಗೆ ಮಾತ್ರವೋ ಎಂಬುದನ್ನೂ ಅದೇ ಕಾಗದದಲ್ಲಿ ನೋಡಿ, ಅದು ಅಸ್ಪಷ್ಟವಾಗಿದ್ದರೆ ಸಹಿ ಹಾಕುವ ಮುನ್ನವೇ ತಿದ್ದಿಸಿಕೊಳ್ಳಿ.