ಐದು ಬಕೆಟ್ ಬೆಲ್ಲಕ್ಕೆ ಎರಡು ಮಾನಕ ವಿಚಲನೆ: ಯಾವುದು ಸರಿ?

ಪ್ರಶ್ನೆ (ಮದ್ದೂರು ಕಡೆಯ ಆಲೆಮನೆಯವರು): ಮೇಷ್ಟ್ರೇ, ನಮಸ್ಕಾರ. ಒಂದು ಪಾಕದಲ್ಲಿ ಐದು ಬಕೆಟ್ ಬೆಲ್ಲ ಹೊಯ್ದೆವು, ಮಿಕ್ಕಿದ್ದು ಅಚ್ಚಿಗೆ ಹೋಯಿತು. ತೂಕ ಕಿಲೋ ಲೆಕ್ಕದಲ್ಲಿ 9.6, 9.8, 10.0, 10.2, 10.4. ಎಷ್ಟು ಹೆಚ್ಚುಕಮ್ಮಿ ಇದೆ ಎಂದು ನೋಡಲು ಎಕ್ಸೆಲ್‌ನಲ್ಲಿ ಮಾನಕ ವಿಚಲನೆ ತೆಗೆದೆ. ಎಸ್‌ಟಿಡಿಇವಿ.ಎಸ್ ಹಾಕಿದರೆ 0.316, ಎಸ್‌ಟಿಡಿಇವಿ.ಪಿ ಹಾಕಿದರೆ 0.283. ಯಾವುದನ್ನು ನಂಬಲಿ?

ಉತ್ತರ (ಸಂಖ್ಯಾಶಾಸ್ತ್ರದ ಅಧ್ಯಾಪಕರು, ಮಂಡ್ಯ): ಎರಡೂ ಲೆಕ್ಕ ಸರಿಯೇ. ನೀವು ಯಾವ ಬೆಲ್ಲದ ಮಾತಾಡುತ್ತಿದ್ದೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಆ ಪಾಕದ ಬಕೆಟ್‌ಗಳದ್ದು ಮಾತ್ರವಾದರೆ ಐದಕ್ಕೆ ಐದನ್ನೂ ತೂಗಿದ್ದೀರಿ, ಹೊರಗೆ ಒಂದೂ ಉಳಿದಿಲ್ಲ. ಅದು ಸಮಷ್ಟಿ. ಪಿ ಸೂತ್ರವೇ ಬೇಕು.

ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಸರಾಸರಿ 10. ಅದರಿಂದ ಒಂದೊಂದು ತೂಕ ಎಷ್ಟು ದೂರವಿದೆಯೋ ಅದನ್ನು ವರ್ಗ ಮಾಡಿ ಕೂಡಿದರೆ 0.40. ಐದರಿಂದ ಭಾಗಿಸಿದರೆ 0.08, ಅದರ ವರ್ಗಮೂಲ 0.283. ಎಸ್ ಸೂತ್ರ ಅದೇ 0.40ನ್ನು ನಾಲ್ಕರಿಂದ ಭಾಗಿಸುತ್ತದೆ.

ಏಕೆ ನಾಲ್ಕು? ಎಸ್ ಸೂತ್ರ ಇರುವುದು ತೂಗಿದ ಕೆಲವನ್ನು ನೋಡಿ ತೂಗದವೂ ಸೇರಿದ ಇಡೀ ಗುಂಪಿನ ಹೆಚ್ಚುಕಮ್ಮಿಯನ್ನು ಅಂದಾಜು ಮಾಡಲು. ಆ ಗುಂಪು ಇಡೀ ಹಂಗಾಮಿನ ಬಕೆಟ್‌ಗಳು ಎನ್ನಿ. ಅವುಗಳ ನಿಜವಾದ ಸರಾಸರಿ ನಮ್ಮ ಕೈಯಲ್ಲಿಲ್ಲ. ತೂಗಿದ ಐದರ ಸರಾಸರಿಯನ್ನೇ ಅದರ ಜಾಗದಲ್ಲಿ ಇಡುತ್ತೇವೆ. ಅದು ಆ ಐದರ ನಟ್ಟನಡುವೆ ಕೂತಿರುವುದರಿಂದ ವ್ಯತ್ಯಾಸಗಳು ಇರಬೇಕಾದ್ದಕ್ಕಿಂತ ಕಿರಿದಾಗಿ ಕಾಣುತ್ತವೆ. ಒಂದು ಕಡಿಮೆ ಮಾಡಿ ಭಾಗಿಸುವುದು ಆ ಕೊರತೆಯನ್ನು ತುಂಬಲು. ನೂರು ಬಕೆಟ್ ತೂಗಿದರೆ ಎರಡು ಉತ್ತರಗಳ ಅಂತರ ಶೇ. 0.5ರಷ್ಟಕ್ಕೆ ಇಳಿಯುತ್ತದೆ.

ಆದರೆ ಹಂಗಾಮಿನ ಬಗ್ಗೆ ಹೇಳಬೇಕೆಂದಿದ್ದರೆ ಎಸ್ ಹಾಕಿದ ಮಾತ್ರಕ್ಕೆ ಸಾಲದು. ಒಂದೇ ಪಾಕದ ಬಕೆಟ್‌ಗಳು ಒಂದನ್ನೊಂದು ಹೋಲುತ್ತವೆ. ಬೇರೆ ಬೇರೆ ದಿನದ, ಬೇರೆ ಬೇರೆ ಪಾಕದ ಬಕೆಟ್‌ಗಳನ್ನು ಆರಿಸಿ ತೂಗಿ.

ಪ್ರಶ್ನೆ: ಮನದಟ್ಟಾಯಿತು ಮೇಷ್ಟ್ರೇ. ಆದರೆ ಮಗ ಇದೇ ತೂಕಗಳನ್ನು ಇನ್ನೊಂದು ಕಡತದಲ್ಲಿ ಟೈಪ್ ಮಾಡಿದ್ದಾನೆ. ಅಲ್ಲಿ ಪಿ ಸೂತ್ರವೇ 0.296 ತೋರಿಸುತ್ತಿದೆ!

ಉತ್ತರ: ಹಾಗಾದರೆ 9.8 ಅಥವಾ 10.2, ಎರಡರಲ್ಲಿ ಒಂದು ಲೆಕ್ಕಕ್ಕೆ ಬಂದಿಲ್ಲ. ಯಾವುದನ್ನು ಬಿಟ್ಟರೂ 0.296 ಬರುತ್ತದೆ. ಆ ಕಾಲಂನಲ್ಲಿ ಎಡಕ್ಕೆ ಸರಿದು ಕೂತ ಸಂಖ್ಯೆ ಇದೆಯೇ ನೋಡಿ.

ಪ್ರಶ್ನೆ: ಇದೆ. ‘10.2 ಕೆಜಿ’ ಎಂದು ಬರೆದಿದ್ದಾನೆ.

ಉತ್ತರ: ಅದೇ. ‘ಕೆಜಿ’ ಸೇರಿದ ಕೂಡಲೇ ಎಕ್ಸೆಲ್‌ಗೆ ಅದು ಪಠ್ಯ. ಪಿ ಸೂತ್ರ ಪಠ್ಯವನ್ನೂ ಖಾಲಿ ಮನೆಯನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೋಷವನ್ನೂ ತೋರಿಸುವುದಿಲ್ಲ. ಎಸ್‌ಟಿಡಿಇವಿಪಿಎ ಎಂಬ ಇನ್ನೊಂದು ಸೂತ್ರವಿದೆ, ಅದರ ತಂಟೆಗೆ ಹೋಗಬೇಡಿ: ಪಠ್ಯವನ್ನು ಸೊನ್ನೆ ಎಂದು ಎಣಿಸುತ್ತದೆ, ಉತ್ತರ 3.99ಕ್ಕೆ ಹಾರುತ್ತದೆ. ‘ಕೆಜಿ’ಯನ್ನು ಕಾಲಂನ ತಲೆಬರಹಕ್ಕೆ ಒಯ್ಯಿರಿ. ಪಕ್ಕದ ಮನೆಯಲ್ಲಿ ಕೌಂಟ್ ಸೂತ್ರ ಹಾಕಿಡಿ, ಐದು ಬಂದರೆ ಐದೂ ತೂಕ ಲೆಕ್ಕಕ್ಕೆ ಸೇರಿವೆ. ಹಳೆಯ ಕಡತಗಳಲ್ಲಿ ಚುಕ್ಕೆಯಿಲ್ಲದ ಎಸ್‌ಟಿಡಿಇವಿಪಿ ಕಂಡರೆ ಗಾಬರಿ ಬೇಡ. ಎಕ್ಸೆಲ್ 2010ಕ್ಕೆ ಮುಂಚಿನ ಹೆಸರು ಅದು, ಕೊಡುವ ಉತ್ತರ ಒಂದೇ.