ನೌಕಾಪಡೆಯ ಅಧಿಕಾರಿಯಾಗುವವರು ಕಾಲೇಜಿನಲ್ಲಿ ಓದುವುದೇನು?

ಪ್ರಶ್ನೆ: ಬಳ್ಳಾರಿಯಿಂದ ಒಬ್ಬ ಪೋಷಕ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬಳ್ಳಾರಿಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆದು ನೌಕಾಪಡೆಗೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳು ಸಮುದ್ರವನ್ನು ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ ಗೋಕರ್ಣಕ್ಕೆ ಹೋದಾಗ. ಆಯ್ಕೆಯ ಪರೀಕ್ಷೆಯ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ, ಆದರೆ ಆಯ್ಕೆಯಾದ ಮೇಲೆ ನಾಲ್ಕು ವರ್ಷ ಅಲ್ಲಿ ಏನು ಓದಿಸುತ್ತಾರೆ ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ. ನಮ್ಮ ಬಂಧುವೊಬ್ಬರು, ಅಲ್ಲಿ ಪರೇಡು, ಓಟ, ಈಜು ಇಷ್ಟೇ, ಪದವಿ ಹೆಸರಿಗೆ ಮಾತ್ರ ಎನ್ನುತ್ತಾರೆ. ಇದು ನಿಜವೇ? ಈಗಿನಿಂದಲೇ ಅವಳು ಯಾವ ವಿಷಯವನ್ನು ಗಟ್ಟಿ ಮಾಡಿಕೊಳ್ಳಬೇಕು?

ಉತ್ತರ: ಗಂಗಾವತಿಯಿಂದ ಒಬ್ಬ ನಿವೃತ್ತ ನಾವಿಕ

ಸರ್, ನಾನು ಅಧಿಕಾರಿಯಾಗಿದ್ದವನಲ್ಲ. ಅಧಿಕಾರಿಗಳ ಕೈಕೆಳಗೆ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ನಿಮ್ಮ ಬಂಧುಗಳ ಮಾತು ತಪ್ಪು. ಪಿಯುಸಿಯ ನಂತರ ಎರಡು ದಾರಿಗಳಿವೆ. ಮೊದಲನೆಯದು ಎನ್‌ಡಿಎ: ನೌಕಾ ಕೆಡೆಟ್‌ಗಳು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಓದಿ, ನಾಲ್ಕನೆಯ ವರ್ಷಕ್ಕೆ ಕೇರಳದ ಕಣ್ಣೂರು ಜಿಲ್ಲೆಯ ಏಳಿಮಲದಲ್ಲಿರುವ ಭಾರತೀಯ ನೌಕಾ ಅಕಾಡೆಮಿಗೆ ಬರುತ್ತಾರೆ. ಎರಡನೆಯದರಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ರ‍್ಯಾಂಕ್ ಮತ್ತು ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನದ ಮೂಲಕ ನೇರವಾಗಿ ಏಳಿಮಲಕ್ಕೆ ಹೋಗಿ ನಾಲ್ಕು ವರ್ಷವೂ ಅಲ್ಲಿಯೇ ಓದುತ್ತಾರೆ. ಇದಕ್ಕೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ ಶೇ. 70 ಅಂಕ ಬೇಕು. ಎರಡರಲ್ಲಿಯೂ ಸಿಗುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬಿಟೆಕ್ ಪದವಿ. ಏಳಿಮಲದಲ್ಲಿ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಶಾಖೆಗಳಿವೆ. ಎನ್‌ಡಿಎಗೆ ಹೆಣ್ಣುಮಕ್ಕಳ ಮೊದಲ ತಂಡ 2022ರಲ್ಲಿ ಸೇರಿ 2025ರ ಮೇ ತಿಂಗಳಲ್ಲಿ ಹೊರಬಂದಿತು. ಆದ್ದರಿಂದ ಮಗಳ ಆಸೆ ಅತಿಯಾಸೆಯೇನಲ್ಲ.

ಎಂಜಿನಿಯರಿಂಗ್ ಪಾಠಗಳ ಜೊತೆಗೆ ನೌಕಾಯಾನ, ಸಂಪರ್ಕ, ಹಡಗಿನ ಕೆಲಸಗಳ ಪಾಠಗಳೂ ನಡೆಯುತ್ತವೆ. ಒಂದೇ ಉದಾಹರಣೆ ಕೊಡುತ್ತೇನೆ. ನಮ್ಮ ಆನೆಗೊಂದಿಯ ಹರಿಗೋಲಿನಲ್ಲಿ ಕುಳಿತವರು ಎದ್ದು ನಿಂತರೆ ಅಂಬಿಗ ಗದರುತ್ತಾನಲ್ಲವೇ? ನಿಂತಾಗ ಒಟ್ಟು ತೂಕದ ಗುರುತ್ವ ಕೇಂದ್ರ ಮೇಲೇರುತ್ತದೆ. ಅಷ್ಟು ಅಗಲವಾಗಿರುವುದರಿಂದಲೇ ಹರಿಗೋಲು ಸುಲಭವಾಗಿ ಮಗುಚುವುದಿಲ್ಲ. ಯುದ್ಧನೌಕೆಯಲ್ಲಿಯೂ ಲೆಕ್ಕ ಇದೇ. ತಳದ ಟ್ಯಾಂಕಿನ ಇಂಧನ ಖರ್ಚಾದಂತೆ ಗುರುತ್ವ ಕೇಂದ್ರ ಮೇಲಕ್ಕೆ ಸರಿಯುತ್ತದೆ. ಒಳಗೆ ನುಗ್ಗಿದ ನೀರು ಇನ್ನೂ ಅಪಾಯಕಾರಿ, ಏಕೆಂದರೆ ಹಡಗು ಯಾವ ಕಡೆ ವಾಲುತ್ತದೆಯೋ ಆ ನೀರೂ ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತದೆ. ಬೆಂಕಿ ನಂದಿಸಲು ಸುರಿದ ನೀರಿನಿಂದಲೇ ಹಡಗು ಮಗುಚಬಹುದೆಂಬುದು ತಿಳಿಯದವನ ಕೈಯಲ್ಲಿ ಪದವಿ ಪತ್ರವಿದ್ದು ಏನು ಪ್ರಯೋಜನ?

ಉತ್ತರ: ರಾಯಚೂರಿನಿಂದ ಒಬ್ಬ ಗಣಿತ ಉಪನ್ಯಾಸಕಿ

ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ: ತ್ರಿಕೋನಮಿತಿ. ನಮ್ಮ ಪಿಯು ಮಕ್ಕಳು ಸೂತ್ರಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ; ಈ ದೂರಿನಲ್ಲಿ ಕಲಿಸುವ ನಮ್ಮ ಪಾಲೂ ಇದೆ. ನೌಕಾಯಾನದಲ್ಲಿ ಅದೇ ತ್ರಿಕೋನ ಗೋಳದ ಮೇಲೆ ಮರಳಿ ಬರುತ್ತದೆ, ಅಲ್ಲಿ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಹೆಚ್ಚು.

ಮಗಳಿಗೆ ಒಂದು ಪ್ರಯೋಗ ಹೇಳಿ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೆಯೋ, ನಾವು ನಿಂತ ಊರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಬಳ್ಳಾರಿಯ ಅಕ್ಷಾಂಶ ಸುಮಾರು 15 ಡಿಗ್ರಿ 9 ನಿಮಿಷ (ಇಲ್ಲಿ ನಿಮಿಷವೆಂದರೆ ಡಿಗ್ರಿಯ ಅರುವತ್ತನೆಯ ಒಂದು ಭಾಗ), ನಮ್ಮ ರಾಯಚೂರಿನದು 16 ಡಿಗ್ರಿ 12 ನಿಮಿಷ. ಆದ್ದರಿಂದ ನಿಮಗಿಂತ ನಮಗೆ ಆ ನಕ್ಷತ್ರ ಒಂದು ಡಿಗ್ರಿಯಷ್ಟು ಮೇಲೆ ಕಾಣುತ್ತದೆ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಎರಡು ಊರುಗಳ ನಡುವಿನ 63 ನಿಮಿಷಗಳನ್ನು ಅದರಿಂದ ಗುಣಿಸಿದರೆ, ರಾಯಚೂರು ನಿಮಗಿಂತ ಸುಮಾರು 117 ಕಿಲೋಮೀಟರ್ ಉತ್ತರಕ್ಕಿದೆ ಎಂದು ಬರುತ್ತದೆ. ಹಡಗಿನಲ್ಲಿ ನಕ್ಷತ್ರದ ಎತ್ತರದ ಕೋನ ಅಳೆಯುವ ಸೆಕ್ಸ್‌ಟೆಂಟ್ ಸಾಧನ ಹಿಡಿದು ಮಾಡುವುದೂ ಮೂಲತಃ ಇದನ್ನೇ. ಮನೆಯಲ್ಲಿ ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ಅದರ ತುದಿಗೆ ಒಂದು ನಟ್ಟು ತೂಗಿಬಿಟ್ಟರೆ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂಶಯವಿದೆ. ಕನ್ನಡ ಮಾಧ್ಯಮದಿಂದ ಬಂದವಳಿಗೆ ಅಲ್ಲಿನ ಪಾಠ ಹಿಡಿಸೀತೇ? ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದಲ್ಲಿರುವ 371ಜೆ ವಿಧಿಯ ಮೀಸಲಾತಿ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಗಂಗಾವತಿಯ ನಿವೃತ್ತ ನಾವಿಕ

371ಜೆ ಇಲ್ಲಿ ಅನ್ವಯಿಸುವುದಿಲ್ಲ. ಇದು ಅಖಿಲ ಭಾರತ ಮಟ್ಟದ ಆಯ್ಕೆ. ಜೆಇಇ ಮೇನ್ ಅನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಎನ್‌ಡಿಎ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದರ 900 ಅಂಕಗಳಲ್ಲಿ 200 ಇಂಗ್ಲಿಷ್ ಭಾಷೆಗೇ ಮೀಸಲು. ಭಾಷೆಗಿಂತ ಹೆಚ್ಚು ಕಾಡುವುದು ದಣಿವು. ನಸುಕಿನಲ್ಲಿ ಓಡಿ, ಪರೇಡು ಮುಗಿಸಿ, ನೆನೆದ ಬಟ್ಟೆ ಬದಲಿಸಿ ತರಗತಿಯಲ್ಲಿ ಕುಳಿತಾಗ ಕಣ್ಣು ತಾನಾಗಿಯೇ ಮುಚ್ಚುತ್ತದೆ, ಅದೇ ಹೊತ್ತಿಗೆ ಉಪನ್ಯಾಸಕರು ಕರಿಹಲಗೆಯ ಮೇಲೆ ಡಿಫರೆನ್ಷಿಯಲ್ ಸಮೀಕರಣ ಬಿಡಿಸುತ್ತಿರುತ್ತಾರೆ. ಬೆಳಗಿನ ಜಾವ ಓಡಿ ಬಂದು ತಕ್ಷಣ ಒಂದು ಗಂಟೆ ಗಣಿತ ಮಾಡುವ ರೂಢಿಯನ್ನು ಈಗಲೇ ಹಾಕಿಕೊಳ್ಳಲಿ. ಈಜು ಬಾರದಿದ್ದರೆ ಕೊಳದಲ್ಲಿ, ಕಲಿಸುವವರ ಎದುರಿನಲ್ಲಿ ಕಲಿಯಲಿ. ತುಂಗಭದ್ರಾ ಕಾಲುವೆಗೆ ಮಾತ್ರ ಇಳಿಸಬೇಡಿ.

ಪ್ರಶ್ನೆ ಕೇಳಿದವರು

ಮೇಡಂ, ನಿನ್ನೆ ರಾತ್ರಿ ಮಾಳಿಗೆಯ ಮೇಲೆ ನಿಂತು ಅಳೆದೆವು. ಮಗಳಿಗೆ 17 ಡಿಗ್ರಿ ಬಂತು.

ಉತ್ತರ: ರಾಯಚೂರಿನ ಗಣಿತ ಉಪನ್ಯಾಸಕಿ

ಆ ಲೆಕ್ಕದಲ್ಲಿ ನಿಮ್ಮ ಮನೆ ರಾಯಚೂರನ್ನೂ ದಾಟಿ ಕಲಬುರಗಿಯ ಹತ್ತಿರಕ್ಕೆ ಹೋಯಿತು ಸರ್. ಗಾಳಿ ನಿಂತಾಗ ಐದು ಸಲ ಅಳೆದು ಸರಾಸರಿ ತೆಗೆಯಲು ಹೇಳಿ. ದಾರವನ್ನು ಅವಳು ಹಿಡಿಯುವುದು ಬೇಡ, ನೀವು ಅಂಕಿಯನ್ನು ಓದಿ. ನಕ್ಷತ್ರದ ಮೇಲಿನ ಕಣ್ಣನ್ನು ಅವಳು ತೆಗೆಯಬಾರದು.