ಪೆಲೆಟ್ ಪ್ಲಾಂಟ್ ಪ್ರಶ್ನೋತ್ತರ: ರಾಯದುರ್ಗ ಸೀಮೆಯ ಗುಂಪು (ಕೇಳುವವರನ್ನು ಊರಿನ ಹೆಸರಿನಿಂದ ಗುರುತಿಸಿದೆ)

ರಾಯದುರ್ಗ: ನಮಸ್ಕಾರ ಸರ್. ಬಳ್ಳಾರಿ ಕಡೆ ಪೆಲೆಟ್ ಪ್ಲಾಂಟಲ್ಲಿ ಕೆಲಸ. ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ (ಪೆಲೆಟ್) ಮಾಡಿ ಸುಡುತ್ತೇವೆ. ಉಂಡೆ ಕಟ್ಟುವ ತಿರುಗು ತಟ್ಟೆ, ಅಂದರೆ ಡಿಸ್ಕ್‌ನಿಂದ ಹಸಿ ಪೆಲೆಟ್ ಚೆನ್ನಾಗೇ ಬರುತ್ತದೆ. 45 ಸೆಂ.ಮೀ. ಮೇಲಿಂದ ಬೀಳಿಸಿದರೆ 8 ಸಲ ತಡೆಯುತ್ತದೆ. ಒಣಗಿಸಿ ಕಾಯಿಸುವ ಚಲಿಸುವ ಜಾಲರಿ (ಗ್ರೇಟ್) ಮೇಲೆ ಹೋದರೆ ಒಡೆಯುತ್ತದೆ. ಯಾಕೆ?

ಇಂಜಿನಿಯರ್: ಬೆಡ್‌ನ (ಜಾಲರಿ ಮೇಲಿನ ಪೆಲೆಟ್ ರಾಶಿಯ) ಯಾವ ಪದರದಲ್ಲಿ?

ರಾಯದುರ್ಗ: ಮೇಲಿನದರಲ್ಲೇ ಜಾಸ್ತಿ. ಈಚೆಗೆ ಗ್ರೇಟ್ ವೇಗ ಏರಿಸಿದ್ದಾರೆ. ಅದಿರೂ ಹಳದಿ ಬಣ್ಣದ್ದು ಬರುತ್ತಿದೆ.

ಇಂಜಿನಿಯರ್: ಇದು ಚಿಂತೆಯ ವಿಷಯ. ಹಳದಿ ಅಂದರೆ ಗೋಥೈಟ್ (ಒಳಗೆ ನೀರು ಹಿಡಿದಿಟ್ಟ ಕಬ್ಬಿಣದ ಖನಿಜ) ಸೇರಿರಬೇಕು. ಅದರೊಳಗಿನ ನೀರು ಲ್ಯಾಬ್ ಓವನ್‌ನ 105 ಡಿಗ್ರಿಗೆ ಹೋಗುವುದಿಲ್ಲ, 300ರ ಆಸುಪಾಸಿನಲ್ಲಿ ಬಿಡುತ್ತದೆ. ಆವಿ ಹೊರಬರಲು ಸಮಯ ಬೇಕು. ವೇಗ ಏರಿಸಿ ಆ ಸಮಯವನ್ನೇ ಕಿತ್ತುಕೊಂಡಿದ್ದಾರೆ. ಅದಿರು ತೀರಾ ನುಣ್ಣಗೆ ಅರೆದಿದ್ದರೆ ಆವಿಗೆ ದಾರಿಯೂ ಕಿರಿದು. ಒಡೆದ ಪುಡಿ ಬೆಡ್‌ನ ಸಂದು ಮುಚ್ಚುತ್ತದೆ. ಗಾಳಿ ಆಡುವುದಿಲ್ಲ, ಕೆಳಗಿನ ಪೆಲೆಟ್ ಅರೆಬೆಂದು ಉಳಿಯುತ್ತದೆ. ಮೊದಲು ವೇಗ ಇಳಿಸಿ, ಬಿಸಿ ನಿಧಾನವಾಗಿ ಏರಲಿ. ಬೀಳಿಸಿ ನೋಡುವ ಡ್ರಾಪ್ ಟೆಸ್ಟ್ ನಂಬಿ ಕೂರಬೇಡಿ. ಬೆಲ್ಟಿನಿಂದ ಬೆಲ್ಟಿಗೆ ಬೀಳುವಾಗ ತಡೆಯುತ್ತದಾ ಅಂತ ಮಾತ್ರ ಅದು ಹೇಳುತ್ತದೆ.

ಆದೋನಿ: ಬೆಂಟೋನೈಟ್ (ಪುಡಿ ಅಂಟಿಸುವ ಜೇಡಿಮಣ್ಣು) ಎಷ್ಟು ಹಾಕಬೇಕು ಸರ್?

ಇಂಜಿನಿಯರ್: ಸಾಮಾನ್ಯವಾಗಿ ಶೇ. 0.5ರಿಂದ 1. ಜಾಸ್ತಿಯಾದರೆ ಸಿಲಿಕಾ ಏರುತ್ತದೆ.

ಮಡಕಶಿರಾ: ‘ಬೆಲ್ಲದ ನೀರು, ಉಪ್ಪು ಸೇರಿಸಿದರೆ ಬೆಂಟೋನೈಟೇ ಬೇಡ’ ಅಂತ ಒಂದು ಫಾರ್ವರ್ಡ್ ಬಂದಿದೆ. ನಿಜವಾ?

ಇಂಜಿನಿಯರ್: ದಯವಿಟ್ಟು ಇಂಥದ್ದನ್ನು ಹಂಚಬೇಡಿ. ಬೆಲ್ಲ ಹಸಿಯಲ್ಲಿ ಅಂಟುತ್ತದೆ, ಪೆಲೆಟ್ ಬೆಂದು ಗಟ್ಟಿಯಾಗುವ ಮೊದಲೇ ಉರಿದುಹೋಗುತ್ತದೆ. ಉಪ್ಪಿನ ಕ್ಲೋರಿನ್ ಫ್ಯಾನು, ಡಕ್ಟು ತಿನ್ನುತ್ತದೆ. ಸೋಡಿಯಂ ಇದ್ದರೆ ಪೆಲೆಟ್ ಬ್ಲಾಸ್ಟ್ ಫರ್ನೇಸಲ್ಲಿ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಯಲ್ಲಿ) ಉಬ್ಬುತ್ತದೆ. ರಾತ್ರಿ ಶಿಫ್ಟಲ್ಲಿ ಯಾರೂ ಪ್ರಯೋಗ ಮಾಡಬೇಡಿ.

ಡಿ. ಹಿರೇಹಾಳ: ಡಿಸ್ಕ್ ಬಿಟ್ಟು ಉಂಡೆ ಕಟ್ಟಲು ಡ್ರಮ್ (ತಿರುಗುವ ಉರುಳೆ) ಹಾಕಿ, ರಗಳೆಯೇ ಇಲ್ಲ.

ಆದೋನಿ: ಡ್ರಮ್‌ನಲ್ಲಿ ಸಣ್ಣದು ದೊಡ್ಡದು ಎಲ್ಲ ಒಟ್ಟಿಗೆ ಬರುತ್ತದೆ ಅಣ್ಣ. ಜರಡಿ ಹಿಡಿದು ಸಣ್ಣದನ್ನು ವಾಪಸ್ ಕಳಿಸಬೇಕು. ಡಿಸ್ಕ್ ತಾನೇ ಬೇರೆ ಮಾಡುತ್ತದೆ.

ಡಿ. ಹಿರೇಹಾಳ: ತೇವ ಸ್ವಲ್ಪ ಏರುಪೇರಾದರೆ ನಿಮ್ಮ ಡಿಸ್ಕ್ ಏನಾಗುತ್ತದೆ ಅಂತ ನೋಡಿದ್ದೇನೆ.

ಆದೋನಿ: ಆಪರೇಟರ್‌ಗೆ ಕೆಲಸ ಬರದಿದ್ದರೆ ಡಿಸ್ಕ್ ಏನು ಮಾಡುತ್ತದೆ?

ಡಿ. ಹಿರೇಹಾಳ: ಮಾತು ನೋಡಿಕೊಂಡು ಆಡಿ.

ಕಲ್ಯಾಣದುರ್ಗ: ಐಟಿಐ ಆದವರಿಗೆ ಅಲ್ಲಿ ಕೆಲಸ ಸಿಗುತ್ತದಾ ಸರ್? ಬೆಂಟೋನೈಟ್ ಎಷ್ಟು ಹಾಕುತ್ತಾರೆ?

ಇಂಜಿನಿಯರ್: ಬೆಂಟೋನೈಟ್ ಮೇಲೆ ಹೇಳಿದೆ. ಓದಿ.

ಮಡಕಶಿರಾ: 1300 ಡಿಗ್ರಿ ಬದಲು 1400 ಕೊಟ್ಟರೆ ಇನ್ನೂ ಗಟ್ಟಿ ಅಲ್ವಾ?

ಇಂಜಿನಿಯರ್: ಅಲ್ಲ. ಅಷ್ಟು ಬಿಸಿಗೆ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಆಮ್ಲಜನಕ ಬಿಟ್ಟು ಮ್ಯಾಗ್ನೆಟೈಟ್ ಆಗತೊಡಗುತ್ತದೆ, ಪೆಲೆಟ್‌ಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಡಿಸ್ಕ್–ಡ್ರಮ್ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ರಾಯದುರ್ಗ: ವೇಗ ಇಳಿಸಿದರೆ ಟನ್ ಕಡಿಮೆಯಾಗುತ್ತದೆ ಅಂತಾರೆ ಸರ್ ಇನ್‌ಚಾರ್ಜ್.

ಇಂಜಿನಿಯರ್: ಒಡೆದ ಪುಡಿ ತೂಗಿ ಅವರ ಮುಂದಿಡಿ. ಅದನ್ನು ಕಳೆದು ಟನ್ ಲೆಕ್ಕ ಹಾಕಲಿ. ಅದಿರಿನ ಎಲ್‌ಒಐ (ಕಾಯಿಸಿದಾಗ ಕಳೆದುಹೋಗುವ ತೂಕದ ಪರೀಕ್ಷೆ) ಮಾಡಿಸಿ ನಾಳೆ ಇಲ್ಲಿ ಹಾಕಿ.